ಚಿರತೆ ಕಾಣದ ಹೊಳೆ

ಕಾಡಿನ ಪ್ರಾಣಿಗಳಿಗೆಲ್ಲ ವಿಡಿಯೋ ಗೇಮಿನ ಹುಚ್ಚು ಹಿಡಿದಿದ್ದ ಕಾಲವದು. ರಾಕ್ಷಸನ ಕೋಟೆ ಎಂಬ ಆಟವನ್ನು ಏಳು ಸಲ ಗೆದ್ದಿದ್ದು ಚಿರತೆಯೊಂದೇ. ಒಂದು ದಿನ ಆಮೆ ಅದರ ಗವಿಗೆ ಬಂದು ಕೈಮುಗಿಯಿತು.

"ಚಿರತೆರಾಯರೇ, ನಿಮ್ಮಂತೆ ಆಡಬೇಕೆಂದು ನಾನೂ ಅತಿ ಕಠಿಣ ಲೆವೆಲ್ಲನ್ನೇ ಆರಿಸಿಕೊಂಡೆ. ಮೂರು ತಿಂಗಳಾದರೂ ಕೋಟೆಯ ಮೊದಲ ಬಾಗಿಲು ದಾಟಿಲ್ಲ. ನಾನು ದಡ್ಡ. ಇವತ್ತಿಗೆ ಆಟ ಬಿಡುತ್ತೇನೆ."

ಚಿರತೆ ತಲೆ ತಗ್ಗಿಸಿತು. "ಬಿಡಬೇಡಿ. ಯಾರಿಗೂ ಹೇಳದ ಮಾತೊಂದಿದೆ. ನಾನು ಆಡುವುದು ಚಿಕ್ಕ ಮರಿಗಳಿಗೆಂದು ಇಟ್ಟಿರುವ ಸುಲಭದ ಲೆವೆಲ್ಲಿನಲ್ಲಿ. ರಾಕ್ಷಸ ಎದುರಿಗೆ ಬಂದರೆ ಹೆದರಿ ಕಣ್ಣು ಮುಚ್ಚಿಕೊಂಡು ಸಿಕ್ಕ ಬಟನ್ ಒತ್ತುತ್ತೇನೆ."

ಸಿಟ್ಟಾಗಬೇಕೋ ನಗಬೇಕೋ ಆಮೆಗೆ ತಿಳಿಯಲಿಲ್ಲ. "ಹಾಗಾದರೆ ನಾನೂ ಹೇಳಿಬಿಡುತ್ತೇನೆ. ಬಾಗಿಲು ದಾಟಲು ನಾನು ನೆಟ್ಟಗೆ ಪ್ರಯತ್ನವನ್ನೇ ಮಾಡಿಲ್ಲ. ಕೋಟೆಯ ಹೊರಗೆ ಒಂದು ಹೊಳೆಯಿದೆ. ಅಲ್ಲಿ ಕೂತು ಮೀನು ನೋಡುತ್ತಿರುತ್ತೇನೆ. ನನ್ನನ್ನು ಕೇಳಿದರೆ, ಆ ಆಟಕ್ಕೆ ರಾಕ್ಷಸನೂ ಬೇಡ, ಕೋಟೆಯೂ ಬೇಡ."

"ಹೊಳೆಯೇ? ಇಷ್ಟು ಸಲ ಗೆದ್ದರೂ ನನಗೆ ಹೊಳೆ ಕಾಣಲಿಲ್ಲವಲ್ಲ!"

ಆಮೆ ಆಟ ತೆರೆದು ತೋರಿಸಿತು. ಪರದೆಯ ಮೇಲೆ ನೀರು ಹರಿಯುತ್ತಿತ್ತು, ಮೀನೊಂದು ನೆಗೆಯಿತು. ಇಬ್ಬರೂ ನೋಡುತ್ತ ಕೂತರು.

ದಾರಿಯಲ್ಲಿ ಹೋಗುತ್ತಿದ್ದ ಮಂಗ ಗವಿಯೊಳಗೆ ಇಣುಕಿತು. "ರಾಯರೇ, ಈ ಸಲವೂ ಗೆದ್ದಿರಾ?"

ಚಿರತೆ ಆಮೆಯ ಮುಖ ನೋಡಿತು. ಆಮೆ ಪರದೆಯ ಮೀನನ್ನೇ ನೋಡುತ್ತಿತ್ತು.

"ಗೊತ್ತಾಗುತ್ತಿಲ್ಲವಯ್ಯ," ಎಂದಿತು ಚಿರತೆ. "ನೀನೂ ಬಂದು ಕೂತುಕೋ. ನೋಡಿ ನೀನೇ ಹೇಳು."