ಎಳೆಯದೆ ನುಡಿದ ಮಧ್ಯಮ

ಶಿಷ್ಯನು ಕೇಳಿದನು: “ಗುರುಗಳೇ, ಬೇರೊಬ್ಬರು ಬರೆದ ಪ್ರೋಗ್ರಾಮ್ ನನ್ನ ಪಾಲಿಗೆ ಬಂದಿದೆ. ಬರೆದವರು ಈ ವಿದ್ಯೆಯಲ್ಲಿ ದೊಡ್ಡವರು, ಈಗ ಇಲ್ಲ. ಅವರ ಕೋಡ್ ಇಂದಿಗೂ ಕೆಲಸ ಮಾಡುತ್ತಿದೆ. ಆದರೂ ಅದರ ಒಂದೊಂದು ಭಾಗವನ್ನೂ ಬೇರೆಯಾಗಿರಿಸಿ ಟೆಸ್ಟ್ ಬರೆ ಎನ್ನುತ್ತೀರಿ. ತಪ್ಪು ಹುಡುಕಲೆಂದೇ ಕುಳಿತುಕೊಳ್ಳುವುದು ಅವರಿಗೆ ತೋರುವ ಅಗೌರವವಲ್ಲವೇ?”

ಗುರುಗಳು ಹೇಳಿದರು:

ಒಂದು ಆಸ್ಥಾನದಲ್ಲಿ ಒಬ್ಬ ವೀಣಾ ವಿದ್ವಾಂಸರಿದ್ದರು. ಅವರು ತೀರಿಕೊಂಡಾಗ ಅವರ ವೀಣೆಯೂ ಆಸ್ಥಾನದ ಪದವಿಯೂ ಅವರ ಶಿಷ್ಯೆಗೆ ಬಂದವು. ಪದವಿಗೆ ಒಂದು ನಿಯಮವಿತ್ತು. ಹೊಸಬರು ಪರಸ್ಥಳದ ಗಾಯಕನೊಬ್ಬನ ಎದುರು ಕುಳಿತು, ಅವನು ಹಾಡಿದ್ದನ್ನು ಸ್ವರಕ್ಕೆ ಸ್ವರ ವೀಣೆಯಲ್ಲಿ ನುಡಿಸಬೇಕು. ರಾಗ ಅವನ ಆಯ್ಕೆ. ತಪ್ಪಿದರೆ ಪದವಿ ಬೇರೊಬ್ಬ ಗುರುವಿನ ಮನೆತನಕ್ಕೆ ಹೋಗುತ್ತದೆ. ವೀಣೆ ಗೋಡೆಯ ಗೂಟಕ್ಕೆ ಹೋಗುತ್ತದೆ.

ಗುರುವಿನ ಕೃತಿಗಳೆಲ್ಲ ಅವಳಿಗೆ ಕರಗತವಾಗಿದ್ದವು. ನುಡಿಸಿದರೆ ಎಲ್ಲವೂ ಸರಿಯಾಗಿಯೇ ಕೇಳಿಸುತ್ತಿತ್ತು. ಆದರೆ ಗಾಯಕನು ಆ ಕೃತಿಗಳನ್ನೇ ಹಾಡುವನೆಂದು ಯಾರು ಹೇಳಬಲ್ಲರು? ಅವಳು ಕೃತಿಗಳನ್ನು ಬದಿಗಿಟ್ಟಳು. ದಂಡಿಯ ತುದಿಯಿಂದ ತೊಡಗಿ, ಮೇಣದಲ್ಲಿ ಕೂರಿಸಿದ ಒಂದೊಂದೇ ಲೋಹದ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ, ಪಕ್ಕಕ್ಕೆ ಎಳೆಯದೆ, ಮೀಟಿ ಕೇಳಿದಳು. ಒಂದು ತಂತಿಯ ಸ್ವರವನ್ನು ಇನ್ನೊಂದು ತಂತಿಯ ಅದೇ ಸ್ವರದೊಡನೆ ಹೋಲಿಸಿದಳು. ಎರಡೂ ಹೊಂದದಿದ್ದರೆ ಮೂರನೆಯ ತಂತಿಯನ್ನು ಸಾಕ್ಷಿಗೆ ಕರೆದಳು. ಯಾವ ಹಾಡೂ ಮುಟ್ಟದ ಮೆಟ್ಟಿಲನ್ನೂ ಬಿಡಲಿಲ್ಲ.

ಅವಳಿಗಿಂತ ಮೊದಲು ಅದೇ ಗುರುವಿನಲ್ಲಿ ಕಲಿತವನೊಬ್ಬ ಪಕ್ಕದ ಮನೆಯಲ್ಲಿದ್ದನು. ಅವನು ಬಂದು ಬಾಗಿಲಲ್ಲಿ ನಿಂತನು.

“ಏನು ತಂಗಿ, ಆಸ್ಥಾನ ವಿದುಷಿಯ ಮನೆಯಲ್ಲಿ ಸರಳೆ ವರಸೆ ಕೇಳಿಸುತ್ತಿದೆ?”

“ಅಷ್ಟೂ ಇಲ್ಲ ಅಣ್ಣ. ಸರಳೆ ಕಲಿಯುವ ಮಕ್ಕಳು ಏಳು ಸ್ವರವನ್ನಾದರೂ ಜೋಡಿಸುತ್ತಾರೆ. ನಾನಿನ್ನೂ ಒಂದರಲ್ಲಿದ್ದೇನೆ.”

“ಗುರುಗಳು ಆಯುಷ್ಯವೆಲ್ಲ ನುಡಿಸಿದ ವೀಣೆ! ಅದರ ಮೇಲೆ ನಿನಗೆ ಸಂಶಯವೇ?”

“ಗುರುಗಳ ಬೆರಳಿನ ಮೇಲೆ ಸಂಶಯವಿಲ್ಲ. ಆ ಬೆರಳು ವೀಣೆಯ ಜೊತೆಗೆ ನನಗೆ ಬಂದಿಲ್ಲ.”

ಎರಡು ಮಧ್ಯಮಗಳಲ್ಲಿ ಮೇಲಿನದಾದ ಪ್ರತಿಮಧ್ಯಮದ ಮೆಟ್ಟಿಲು ಮೇಣದಲ್ಲಿ ಜಾರಿ ನಿಂತಿತ್ತು. ಎಳೆಯದೆ ಮೀಟಿದರೆ ಸ್ವರ ಇಳಿದು ಕೇಳಿಸುತ್ತಿತ್ತು. ಗುರುವಿಗೆ ಅದು ಗೊತ್ತಿತ್ತೋ ಇಲ್ಲವೋ, ಅವರ ಬೆರಳಿಗೆ ಗೊತ್ತಿತ್ತು. ಅಲ್ಲಿಗೆ ಬಂದಾಗಲೆಲ್ಲ ಅದು ತಂತಿಯನ್ನು ತುಸು ಎಳೆದು ಸ್ವರವನ್ನು ಏರಿಸಿಕೊಳ್ಳುತ್ತಿತ್ತು. ಶಿಷ್ಯರು ಆ ಎಳೆತವನ್ನು ಶ್ರದ್ಧೆಯಿಂದ ಕಲಿತು, ತಮ್ಮ ಪರಂಪರೆಯ ಗಮಕವೆಂದು ಕರೆದರು. ಅದು ಹೊಂದಲೆಂದು ತಮ್ಮ ತಮ್ಮ ವೀಣೆಗಳಲ್ಲಿಯೂ ಮಧ್ಯಮದ ಮೆಟ್ಟಿಲನ್ನು ಹಾಗೆಯೇ ಕೂರಿಸಿಕೊಂಡಿದ್ದರು.

ಇನ್ನೊಂದು ದೋಷ ಮೇಲಿತ್ತು. ತಾರಸ್ಥಾಯಿಯ ಪಂಚಮದಲ್ಲಿ ತಂತಿ ಮುಂದಿನ ಮೆಟ್ಟಿಲಿಗೆ ತಾಗಿ ಜರ್ರೆನ್ನುತ್ತಿತ್ತು. ಆ ಮನೆತನದ ಯಾವ ಕೃತಿಯೂ ಅಲ್ಲಿಗೆ ಏರುತ್ತಿರಲಿಲ್ಲ. ಅದನ್ನು ಸಂಯಮವೆಂದು ಊರೇ ಹೊಗಳುತ್ತಿತ್ತು.

ಅವಳು ಮೇಣವನ್ನು ಕಾಯಿಸಿ ಮಧ್ಯಮವನ್ನು ಅದರ ಜಾಗಕ್ಕೆ ತಂದಳು. ತಂದ ಮೇಲೆ ಮೊದಲ ಮೆಟ್ಟಿಲಿಗೆ ಹಿಂದಿರುಗಿ ಎಲ್ಲವನ್ನೂ ಮತ್ತೆ ಮೀಟಿದಳು. ಕಾವು ತಗುಲಿ ಪಕ್ಕದ ಪಂಚಮ ಕೂದಲೆಳೆಯಷ್ಟು ಸರಿದಿತ್ತು. ಅದನ್ನು ಸರಿಪಡಿಸಿ ಮತ್ತೆ ಮೊದಲಿಗೆ ಹೋದಳು. ಮೇಲೆ ತಂತಿಗೆ ತಾಗುತ್ತಿದ್ದ ಮೆಟ್ಟಿಲನ್ನು ತಗ್ಗಿಸಿ ಮತ್ತೆ ಮೊದಲಿಗೆ ಹೋದಳು. ಬಳಿಕ ಗುರುವಿನ ಕೃತಿಯೊಂದನ್ನು ಎತ್ತಿಕೊಂಡಳು. ಮಧ್ಯಮಕ್ಕೆ ಬಂದಾಗ ಅದು ಅಪಸ್ವರವಾಯಿತು.

“ಕೆಡಿಸಿದೆಯಲ್ಲ ತಾಯಿ!” ಎಂದನು ಅಣ್ಣ.

ವೀಣೆ ಕೆಟ್ಟಿರಲಿಲ್ಲ. ಅವಳ ಬೆರಳು ಅಭ್ಯಾಸಬಲದಿಂದ ಇನ್ನೂ ಎಳೆಯುತ್ತಿತ್ತು. ಅವಳು ಬೆರಳಿಗೆ ಸುಮ್ಮನಿರುವುದನ್ನು ಕಲಿಸಿದಳು.

ಸಭೆಯ ದಿನ ಬಂದಿತು. ಗಾಯಕನಿಗೆ ಆ ಮನೆತನದ ರೂಢಿಯೆಲ್ಲ ತಿಳಿದಿತ್ತು. ಅವನು ಪ್ರತಿಮಧ್ಯಮದ ರಾಗವಾದ ಕಲ್ಯಾಣಿಯನ್ನು ಎತ್ತಿಕೊಂಡು ಆ ಮಧ್ಯಮದ ಮೇಲೆಯೇ ನಿಂತನು; ಅಲುಗದೆ, ಉಸಿರಿರುವಷ್ಟು ಹೊತ್ತು ನಿಂತನು. ಸಭೆ ಅವಳ ಬೆರಳನ್ನು ನೋಡಿತು. ಬೆರಳು ಕದಲಲಿಲ್ಲ. ಅವಳು ಮತ್ತೆ ಮತ್ತೆ ಮೀಟಿದಳು. ವೀಣೆ ಯಾವುದು, ಕಂಠ ಯಾವುದು ಎಂದು ತಿಳಿಯದಂತಾಯಿತು. ಅವನು ತಾರಸ್ಥಾಯಿಯ ಪಂಚಮಕ್ಕೆ ಏರಿದನು. ವೀಣೆ ಅಲ್ಲಿಯೂ ತಿಳಿಯಾಗಿ ನುಡಿಯಿತು. ಅವನು ಇಳಿದನು, ಸುತ್ತಿದನು, ಬೇರೆ ರಾಗಕ್ಕೆ ಜಿಗಿದನು. ಅವಳು ಹೆದರಬೇಕಾದ ಮೆಟ್ಟಿಲು ಒಂದೂ ಉಳಿದಿರಲಿಲ್ಲ. ಕೊನೆಗೆ ಗಾಯಕನೇ ಹಾಡು ನಿಲ್ಲಿಸಿ ಕೈಮುಗಿದನು.

“ಸಾಕು ತಾಯಿ. ನಿಮ್ಮನ್ನು ತಪ್ಪಿಸುವ ಸ್ವರ ನನ್ನಲ್ಲಿ ಇನ್ನಿಲ್ಲ.”

ಅರಸನು ಎದ್ದು ನಿಂತನು. ಸಭೆಯೆಲ್ಲ ಎದ್ದಿತು. ಪದವಿ ಅವಳದಾಯಿತು. ಎಲ್ಲರಿಗಿಂತ ಗಟ್ಟಿಯಾಗಿ “ಭಲೇ ತಂಗಿ!” ಎಂದವನು ಆ ಅಣ್ಣನೇ. ಮರುದಿನ ಅವನು ತನ್ನ ವೀಣೆಯನ್ನೂ ಹೊತ್ತು ತಂದು ಅವಳ ಮುಂದಿಟ್ಟನು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನು ಇನ್ನೂ ಒಪ್ಪದೆ ಕೇಳಿದನು: “ಅವಳು ಗೆದ್ದಳು, ಸರಿ. ಆದರೆ ಅವಳ ಗುರು ಬದುಕಿದ್ದು, ತಮ್ಮ ವೀಣೆಯಲ್ಲಿ ದೋಷವಿತ್ತೆಂದು ಕೇಳಿದ್ದರೆ ಏನು ಮಾಡುತ್ತಿದ್ದರು?”

ಗುರುಗಳು ಹೇಳಿದರು: “ಆ ಮಧ್ಯಮವನ್ನು ಎಳೆಯದೆ ಒಮ್ಮೆ ನುಡಿಸಬೇಕೆಂದು, ಅವಳ ಕೈಯಿಂದ ವೀಣೆಯನ್ನು ಕೇಳಿ ಪಡೆಯುತ್ತಿದ್ದರು.”