ಸುಣ್ಣದ ಗೂಡಿಗೆ ಬೀಳದ ರಾಕ್ಷಸಿ

“ಹಳೆಯ ಅಜ್ಜಿಕತೆಯೊಂದನ್ನು ಬೆಳ್ಳಿತೆರೆಗೆ ತರುವಾಗ ಅದರಲ್ಲಿರುವ ಕ್ರೌರ್ಯವನ್ನು ತೆಗೆದುಹಾಕುವುದು ಧರ್ಮವಲ್ಲವೇ, ಗುರುಗಳೇ?” ಎಂದು ನಿಜಗುಣ ಕೇಳಿದ.

ನಿಜಗುಣ ಗುರುಗಳ ಬಳಿ ಓದಿದವನು. ಈಗ ಪಾಠಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದ. ಮಕ್ಕಳ ಚಿತ್ರ ತೆಗೆಯುವ ಕೆಲವರು ಅವನಿಂದ ಕತೆ ಬರೆಸಿಕೊಳ್ಳಲು ಬಂದಿದ್ದರು. ಕತೆ ಹಳೆಯದೇ ಇರಲಿ, ಕೊನೆ ಮಾತ್ರ ಮೃದುವಾಗಿರಲಿ ಎಂದಿದ್ದರು. ಅವನು ಒಪ್ಪುವ ಮನಸ್ಸಿನಲ್ಲೇ ಇದ್ದ. ಅದಕ್ಕೆ ಮೊದಲು ಗುರುಗಳ ಬಾಯಿಂದ ಹೌದು ಎನ್ನಿಸಿಕೊಳ್ಳಬೇಕೆಂದು ಬಂದಿದ್ದ.

ಗುರುಗಳು ಸಡಿಲವಾದ ಪ್ರಶ್ನೆಗೆ ಉತ್ತರ ಕೊಡುವವರಲ್ಲ. ಕ್ರೌರ್ಯ ಎಂದರೆ ಯಾವುದು, ಹೆಸರಿಟ್ಟು ಹೇಳು ಎಂದರು. ಕೊನೆಯಲ್ಲಿ ರಾಕ್ಷಸಿಯನ್ನು ಸುಡುವುದು, ಕೊಲ್ಲುವುದು, ಅಂಥದ್ದೆಲ್ಲ ಎಂದು ನಿಜಗುಣ ವಿವರಿಸಿದ.

“ಯಾರ ಮೇಲಿನ ದಯೆಯಿಂದ ತೆಗೆಯುತ್ತೀಯೆ?”

“ಮಕ್ಕಳ ಮೇಲಿನ ದಯೆಯಿಂದ.”

ಗುರುಗಳು ಅವನಿಗೆ ಕೂತುಕೊಳ್ಳಲು ಹೇಳಿ ಈ ಕತೆಯನ್ನು ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಚಿತ್ರನಿರ್ದೇಶಕನಿದ್ದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನ ಕತೆಯನ್ನು ನಿನಗೆ ಹೇಳುವ ಅಗತ್ಯವಿರಲಿಲ್ಲ. ಚಿಕ್ಕಂದಿನಲ್ಲಿ ಕೇಳಿದ್ದ ಕತೆಯೊಂದನ್ನು ಚಿತ್ರ ಮಾಡಬೇಕೆಂಬುದು ಅವನ ಬಹುಕಾಲದ ಆಸೆ.

ಆ ಕತೆ ಹೀಗಿತ್ತು. ತಾಯಿ ಸಂತೆಗೆ ಹೋಗಿದ್ದಾಳೆ. ಮನೆಯಲ್ಲಿ ಅಕ್ಕ, ತಮ್ಮ ಇಬ್ಬರೇ. ಯಾರು ಬಂದರೂ ಬಾಗಿಲು ತೆಗೆಯಬೇಡಿ ಎಂದು ಹೇಳಿಹೋಗಿದ್ದಾಳೆ. ಕಾಡಿನ ರಾಕ್ಷಸಿಯೊಬ್ಬಳು ಮಕ್ಕಳ ಸೋದರತ್ತೆಯ ರೂಪ ತಾಳಿ ಬರುತ್ತಾಳೆ. ಬಾಗಿಲ ಹೊರಗೆ ಕೂತು, ಅಷ್ಟು ದೂರದಿಂದ ನಡೆದುಬಂದೆ, ನೀವೂ ನನ್ನನ್ನು ಹೊರಗೆ ಹಾಕಿದಿರಾ ಎಂದು ಅಳುತ್ತಾಳೆ. ಅಳು ಕೇಳಿ ಮಕ್ಕಳು ಕರಗಿ ಅಗುಳಿ ತೆಗೆಯುತ್ತಾರೆ. ರಾಕ್ಷಸಿ ತಮ್ಮನನ್ನು ಬುಟ್ಟಿಗೆ ಹಾಕಿಕೊಂಡು ಹೊರಟುಬಿಡುತ್ತಾಳೆ. ಅಕ್ಕ ಬೆನ್ನು ಹತ್ತುತ್ತಾಳೆ. ದಾರಿಯಲ್ಲಿ ಸುಣ್ಣ ಸುಡುವ ಗೂಡು ಉರಿಯುತ್ತಿರುತ್ತದೆ. ಒಳಗೆ ಆಗಲೇ ಬೆಂದ ಮಗು ಒಂದಿದೆ, ನೋಡತ್ತೆ ಎನ್ನುತ್ತಾಳೆ ಅಕ್ಕ. ಆಸೆಗೆ ಬಿದ್ದ ರಾಕ್ಷಸಿ ಬುಟ್ಟಿ ಇಳಿಸಿ ಬಗ್ಗುತ್ತಾಳೆ. ಅಕ್ಕ ತಳ್ಳುತ್ತಾಳೆ. ರಾಕ್ಷಸಿ ಸುಟ್ಟು ಬೂದಿಯಾಗುತ್ತಾಳೆ. ಮಕ್ಕಳು ಆ ಬೂದಿಯನ್ನು ಹೊಳೆಗೆ ಚೆಲ್ಲಿ, ತಾಯಿ ಬರುವುದರೊಳಗೆ ಮನೆ ಸೇರಿರುತ್ತಾರೆ.

ನಿರ್ದೇಶಕನಿಗೆ ಕತೆಯೆಲ್ಲ ಹಿಡಿಸಿತ್ತು, ಆ ತಳ್ಳುವುದೊಂದು ಬಿಟ್ಟು. ಚಿಕ್ಕ ಹುಡುಗಿ ಒಂದು ಜೀವವನ್ನು ಬೆಂಕಿಗೆ ನೂಕುವುದನ್ನು ಅಜ್ಜಿಯ ಬಾಯಲ್ಲಿ ಕೇಳುವುದು ಬೇರೆ, ಮನೆಯಷ್ಟು ಎತ್ತರದ ತೆರೆಯ ಮೇಲೆ ನೋಡುವುದು ಬೇರೆ ಎಂದು ಅವನು ವಾದಿಸಿದ. ವಾದ ತಪ್ಪೆಂದು ಯಾರೂ ಹೇಳಲಿಲ್ಲ. ನಾನೂ ಹೇಳುವುದಿಲ್ಲ. ಅವನು ಕೊನೆಯನ್ನು ಬದಲಿಸಿದ. ಅವನ ಚಿತ್ರದಲ್ಲಿ ಅಕ್ಕ ಗೂಡಿನ ಬಾಯಲ್ಲಿ ತಳ್ಳದೆ ಕೈ ತಡೆದುಕೊಳ್ಳುತ್ತಾಳೆ. ರಾಕ್ಷಸಿಗೆ ತನ್ನ ತಪ್ಪು ಅರಿವಾಗುತ್ತದೆ. ಅವಳು ತಮ್ಮನನ್ನು ಒಪ್ಪಿಸಿ, ಅತ್ತು, ಮಕ್ಕಳ ತಲೆ ಸವರಿ, ಕಾಡಿನ ಕಡೆ ನಡೆದುಹೋಗುತ್ತಾಳೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

ರಾಕ್ಷಸಿಯ ಪಾತ್ರಕ್ಕೆ ಒಬ್ಬ ಮುದುಕಿಯನ್ನು ಕರೆತಂದರು. ಅವಳು ನಾಟಕ ಕಂಪನಿಯಲ್ಲಿ ಬಾಳು ಸವೆಸಿದ ನಟಿ. ಕಂಪನಿ ಮುಚ್ಚಿದ ಮೇಲೆ ಮಗಳ ಮನೆ ಸೇರಿದ್ದಳು. ಬದಲಾದ ಕೊನೆಯನ್ನು ಕೇಳಿ ಅವಳಿಗೂ ಸಂತೋಷವೇ ಆಯಿತು. ಸುಟ್ಟುಹೋಗುವುದಕ್ಕೆ ಒಂದು ಕ್ಷಣ ಸಾಕು. ಅಳುವುದಕ್ಕೆ ಇಡೀ ದೃಶ್ಯವೇ ಸಿಕ್ಕಿತ್ತು. ನಟಿಯಾದವಳು ಬೇಡವೆನ್ನುತ್ತಾಳೆಯೇ? ಅವಳು ಎಷ್ಟು ಚೆನ್ನಾಗಿ ಅತ್ತಳೆಂದರೆ ದೀಪ ಹಿಡಿದವರೂ ಕಣ್ಣೊರೆಸಿಕೊಂಡರು.

ನಿರ್ದೇಶಕ ಇನ್ನೊಂದು ಕೆಲಸ ಮಾಡಿದ. ಅತ್ತೆಯ ರೂಪದಲ್ಲಿರುವಾಗ ಮುಖಕ್ಕೆ ಬಣ್ಣ ಬೇಡ ಎಂದ. ನಿಮ್ಮ ಮುಖವೇ ಸಾಕು ತಾಯಿ, ನೋಡಿದವರಿಗೆ ಅನ್ನ ಹಾಕುವ ಮುಖ ಅನ್ನಿಸುತ್ತದೆ ಎಂದ. ಅವಳು ದಿನವೂ ಉಡುವ ಸೀರೆಯನ್ನೇ ಉಡಿಸಿದ.

ಚಿತ್ರ ತೆರೆ ಕಂಡಿತು. ಕೊನೆಯ ದೃಶ್ಯವನ್ನು ದೊಡ್ಡವರು ಬಾಯಿ ತುಂಬ ಹೊಗಳಿದರು. ಮಕ್ಕಳಿಗೆ ತೋರಿಸಬಹುದಾದ ಚಿತ್ರ ಕೊಟ್ಟಿರಿ ಎಂದು ತಾಯಂದಿರು ನಿರ್ದೇಶಕನಿಗೆ ಕೈ ಮುಗಿದರು. ಹೊರಗೆ ಬರುವಾಗ ಮಕ್ಕಳು ಸದ್ದಿಲ್ಲದೆ ಬರುತ್ತಿದ್ದರು. ದೊಡ್ಡವರು ಅದನ್ನು ಒಳ್ಳೆಯ ನಡತೆ ಎಂದುಕೊಂಡರು.

ನಟಿಯ ಬೀದಿಯಲ್ಲಿ ಮೊದಮೊದಲು ಅದೊಂದು ತಮಾಷೆಯಾಗಿತ್ತು. ತರಕಾರಿ ಗಾಡಿಯವನು, ಏನಮ್ಮಾ, ಇವತ್ತು ಮಗು ಸಿಗಲಿಲ್ಲವಾ, ಬದನೆಕಾಯಿಗೆ ಬಂದುಬಿಟ್ಟಿರಿ ಎನ್ನುತ್ತಿದ್ದ. ನಿನ್ನನ್ನೇ ತಿನ್ನಬಹುದಿತ್ತು ಕಣಪ್ಪಾ, ಮುದಿ ಮಾಂಸ ಬೇಯುವುದಿಲ್ಲವಲ್ಲ ಎಂದು ಅವಳು ಉತ್ತರ ಕೊಡುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಅಷ್ಟರಲ್ಲಿ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಒಳಗೆ ಸೇರಿ ಬಾಗಿಲು ಹಾಕಿಕೊಂಡಿರುತ್ತಿದ್ದರು.

ಮನೆಯೊಳಗೆ ನಗುವಂಥದ್ದು ಏನೂ ಇರಲಿಲ್ಲ.

ಅವಳಿಗೆ ಒಬ್ಬಳು ಮೊಮ್ಮಗಳಿದ್ದಳು. ಇನ್ನೂ ಶಾಲೆಗೆ ಸೇರದ ಮಗು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗುವಿಗೆ ಉಣಿಸಿ, ಮಲಗಿಸಿ, ಜಡೆ ಹಾಕುವುದೆಲ್ಲ ಅಜ್ಜಿಯ ಪಾಲಿನದು. ಚಿತ್ರ ನೋಡಿ ಬಂದ ಮೇಲೆ ಮಗು ಅಜ್ಜಿಯ ಕೈಯಿಂದ ಒಂದು ತುತ್ತನ್ನೂ ತಿನ್ನಲಿಲ್ಲ. ತಂದೆತಾಯಿ ಹೊಸ್ತಿಲು ದಾಟುತ್ತಲೇ ನಡುಮನೆಯ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿತ್ತು. ಸಂಜೆ ಅವರು ಬಂದ ಮೇಲೆಯೇ ಬಾಗಿಲು ತೆರೆಯುವುದು. ಅಲ್ಲಿಯತನಕ ಉಪವಾಸ.

ಅಜ್ಜಿಯೇ ರಾಕ್ಷಸಿಯ ವೇಷ ಹಾಕಿದ್ದು ಎಂದು ಮಗುವಿಗೆ ಎಲ್ಲರೂ ತಿಳಿಸಿ ಹೇಳಿದರು. ಅದನ್ನು ಮಗು ಕೇಳಿಸಿಕೊಂಡಿತು. ರಾಕ್ಷಸಿಯೇ ಅಜ್ಜಿಯ ವೇಷ ಹಾಕಿರಬಹುದಲ್ಲ ಎಂಬುದು ಅದರ ಲೆಕ್ಕ. ಚಿತ್ರದಲ್ಲಿ ರಾಕ್ಷಸಿ ಮಾಡಿದ್ದೂ ಅದನ್ನೇ.

ಮಗಳು ತಾಯಿಯ ಮೇಲೆ ರೇಗಲಿಲ್ಲ. ಮಗು ಸೊರಗುತ್ತಿದೆ, ಈ ವಾರ ನೋಡುತ್ತೇನೆ, ಆಮೇಲೆ ನಮ್ಮ ಅತ್ತೆಯ ಊರಿಗೆ ಬಿಟ್ಟುಬರುತ್ತೇವೆ ಎಂದಷ್ಟೇ ಹೇಳಿದಳು. ಆ ಊರು ರೈಲಿನಲ್ಲಿ ಒಂದು ಹಗಲಿನ ದಾರಿ. ಮಗು ಹೊರಟುಹೋದರೆ ಮುದುಕಿಗೆ ಆ ಮನೆಯಲ್ಲಿ ಮಾಡುವುದಕ್ಕೆ ಕೆಲಸವೂ ಇರಲಿಲ್ಲ, ಮಾತಾಡುವುದಕ್ಕೆ ಜನವೂ ಇರಲಿಲ್ಲ.

ಅವಳು ನಿರ್ದೇಶಕನ ಮನೆಗೆ ಹೋದಳು. ಅವನು ಎದ್ದು ನಿಂತು ಕುರ್ಚಿ ಕೊಟ್ಟ. ಅವಳು ಕೂರಲಿಲ್ಲ.

“ನನ್ನನ್ನು ಸಾಯಿಸಿಬಿಡಿ ಸ್ವಾಮಿ,” ಎಂದಳು.

ಅವನು ಗಾಬರಿಯಾದ. ಮನೆಯಲ್ಲಿ ಏನಾಯಿತು ತಾಯಿ ಎಂದು ಕೇಳಿದ. ಅವಳು ಎಲ್ಲವನ್ನೂ ಹೇಳಿ, ಆಮೇಲೆ ಹೀಗೆಂದಳು:

“ನಾಟಕದಲ್ಲಿ ನಾನು ದಿನಾ ಸಾಯುತ್ತಿದ್ದೆ. ಮುಂದಿನ ಸಾಲಿನ ಮಕ್ಕಳೆದುರಿಗೇ ಬಿದ್ದು ಒದ್ದಾಡಿ ಸಾಯುತ್ತಿದ್ದೆ. ಸತ್ತ ಮೇಲೆ ಎದ್ದು, ಕೂದಲು ಕಟ್ಟಿ, ಎಲ್ಲರ ಜತೆ ಮಂಗಳ ಹಾಡುವುದಕ್ಕೆ ನಿಲ್ಲುತ್ತಿದ್ದೆ. ಮಕ್ಕಳು ರಂಗಕ್ಕೆ ಹತ್ತಿ ನನ್ನ ಕೋರೆಹಲ್ಲು ಕಿತ್ತು ನೋಡಿ ನಗುತ್ತಿದ್ದವು. ನೀವು ನನ್ನನ್ನು ಸಾಯಿಸಲೂ ಇಲ್ಲ, ಮಂಗಳಕ್ಕೆ ಕರೆಯಲೂ ಇಲ್ಲ. ಅಳುವ ದೃಶ್ಯ ಕೊಟ್ಟಿರೆಂದು ನಾನೂ ಹಿಗ್ಗಿಹೋದೆ. ಈಗ ಆ ರಾಕ್ಷಸಿ ಎಲ್ಲಿದ್ದಾಳೆ, ನೀವೇ ಹೇಳಿ.”

ಚಿತ್ರ ಊರೂರಿನ ಚಿತ್ರಮಂದಿರಗಳಿಗೆ ಹೋಗಿಯಾಗಿದೆ, ಇನ್ನು ಅದರ ಕೊನೆ ತನ್ನ ಕೈಯಲ್ಲಿಲ್ಲ ಎಂದು ಅವನು ಹೇಳಿದ. ಆದರೆ ತಾನೇ ಬಂದು ಮಗುವಿಗೆ ತಿಳಿಹೇಳುತ್ತೇನೆಂದ. ಹಾಗೆಯೇ ಮರುದಿನ ಬಂದ. ಇದನ್ನೂ ಅವನ ಪರವಾಗಿ ಬರೆದುಕೋ.

ಅವನು ಬಂದಾಗ ಹಗಲು ಊಟದ ಹೊತ್ತು. ಮಗು ಕೋಣೆಯೊಳಗಿತ್ತು. ಅವನು ಮುಚ್ಚಿದ ಬಾಗಿಲ ಮುಂದೆ ನೆಲದ ಮೇಲೆ ಕೂತ. ಈ ಚಿತ್ರ ಮಾಡಿದವನು ನಾನೇ ಎಂದು ಹೇಳಿಕೊಂಡ. ರಾಕ್ಷಸಿ ಈಗ ಒಳ್ಳೆಯವಳಾಗಿದ್ದಾಳೆ, ಕೊನೆಯಲ್ಲಿ ಎಷ್ಟು ಅತ್ತಳು ನೀನೇ ನೋಡಿದೆಯಲ್ಲ ಚಿನ್ನಾ, ತಪ್ಪಾಯಿತೆಂದು ಅತ್ತಳು ಎಂದ.

ಒಳಗಿನಿಂದ ಮಗು ಹೇಳಿತು: “ಬಾಗಿಲ ಹತ್ತಿರವೂ ಅತ್ತಿದ್ದಳಲ್ಲ ಮಾಮಾ.”

ನಿರ್ದೇಶಕ ಈ ಮಾತಿಗೆ ಉತ್ತರ ಹುಡುಕಿದ. ಮೊದಲನೆಯ ಅಳು ಸುಳ್ಳು, ಎರಡನೆಯದು ನಿಜ. ಅದನ್ನು ಅವನು ಬಲ್ಲ, ಏಕೆಂದರೆ ಬರೆದವನು ಅವನು. ತೆರೆಯ ಮೇಲೆ ಎರಡೂ ಒಂದೇ ಮುಖದಿಂದ, ಒಂದೇ ಕಣ್ಣಿನಿಂದ ಬಂದಿದ್ದವು. ಅವಳು ಎರಡನ್ನೂ ಅಷ್ಟೇ ಚೆನ್ನಾಗಿ ಅತ್ತಿದ್ದಳು.

ಅವನು ಮೇಲೆದ್ದ. ನನ್ನಿಂದಾಗಲಿಲ್ಲ ತಾಯಿ ಎಂದ. ಮುದುಕಿ ಅವನು ಎದ್ದ ಜಾಗದಲ್ಲಿ ತಾನು ಕೂತಳು. ಹಗಲು ಹೊತ್ತಿನಲ್ಲಿ ಕತೆ ಹೇಳಬಾರದೆಂಬ ಮಾತು ಆ ಮನೆಯಲ್ಲೂ ಇತ್ತು. ಅವಳು ಅದನ್ನು ಲಕ್ಷಿಸಲಿಲ್ಲ. ತಾಯಿ ಸಂತೆಗೆ ಹೊರಟಲ್ಲಿಂದ ಹಿಡಿದು ಕತೆ ಹೇಳತೊಡಗಿದಳು.

ಕತೆ ಕೇಳುವವರು ಹೂಂಗುಟ್ಟಬೇಕು. ಒಳಗಿನಿಂದ ಹೂಂ ಬರಲಿಲ್ಲ. ಅವಳು ನಿಲ್ಲಿಸದೆ ಮುಂದುವರಿಸಿದಳು. ರಾಕ್ಷಸಿಯ ಮಾತು ಬಂದಾಗ ರಾಕ್ಷಸಿಯ ದನಿಯನ್ನೇ ತೆಗೆದಳು. ನಿರ್ದೇಶಕ ಬೇಡ ಬೇಡವೆಂದು ಕೈ ಆಡಿಸಿದ. ಅವಳು ಅವನ ಕಡೆ ನೋಡಲಿಲ್ಲ. ಅತ್ತೆಯಾಗಿ ಅತ್ತಳು, ಬುಟ್ಟಿ ಹೊತ್ತಳು, ಗೂಡಿನ ಹತ್ತಿರ ಬಂದಳು, ಬಗ್ಗಿ ನೋಡಿದಳು. ಅಕ್ಕ ತಳ್ಳಿದಳು.

“ಸೆರಗು ಹತ್ತಿಕೊಂಡಿತು,” ಎಂದಳು.

ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದು ಮುಂದುವರಿಸಿದಳು:

“ಕೂದಲು ಸುಟ್ಟುಹೋಯಿತು.”

“ಹೂಂ.”

“ಉಗುರು ಸುಟ್ಟುಹೋಯಿತು.”

“ಹೂಂ. ಹಲ್ಲು?”

“ಹಲ್ಲೂ ಸುಟ್ಟು ಸುಣ್ಣವಾಯಿತು.”

“ಅತ್ತಳಾ?”

“ಅತ್ತಳು. ಅಕ್ಕ ತಿರುಗಿ ನೋಡಲಿಲ್ಲ.”

“ಹೂಂ.”

ಬೂದಿಯನ್ನು ಹೊಳೆಗೆ ಚೆಲ್ಲಿದ್ದಾಯಿತು. ಒಂದು ಚೂರೂ ಉಳಿಯಲಿಲ್ಲವಾ ಎಂದು ಮಗು ವಿಚಾರಿಸಿತು. ಉಳಿಯಲಿಲ್ಲ, ಹೊಳೆ ಸಮುದ್ರಕ್ಕೆ ಒಯ್ದಿತು ಎಂದಳು ಅಜ್ಜಿ. ತಾಯಿ ಸಂತೆಯಿಂದ ಬಂದು ಮಕ್ಕಳಿಗೆ ಬೆಲ್ಲ ಕೊಟ್ಟಳು. ಕತೆ ಮುಗಿಯಿತು.

ಚಿಲಕ ತೆಗೆದ ಸದ್ದಾಯಿತು. ಮಗು ಬಾಗಿಲ ಸಂದಿಯಲ್ಲಿ ನಿಂತು ಅಜ್ಜಿಯ ಬಾಯನ್ನು ನೋಡಿತು. ಅವಳು ಬಾಯಿ ತೆರೆದು ತೋರಿಸಿದಳು. ಇದ್ದ ಕೆಲವೇ ಹಲ್ಲುಗಳನ್ನು ಮಗು ಬೆರಳಿನಿಂದ ಮುಟ್ಟಿ ಪರೀಕ್ಷಿಸಿತು. ಆಮೇಲೆ, ಸಾರು ಖಾರವಾ ಎಂದು ಕೇಳಿತು. ಇಲ್ಲ ಎಂದಳು ಅಜ್ಜಿ. ಮಗು ತಟ್ಟೆಯ ಮುಂದೆ ಕೂತಿತು. ಅದನ್ನು ಯಾವ ಊರಿಗೂ ಕಳಿಸಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ನಿಜಗುಣ ಹಗುರವಾಗಿ ಉಸಿರುಬಿಟ್ಟ. ಅವನಿಗೆ ಆ ಮುದುಕಿಯ ಬಗ್ಗೆ ಮನಸ್ಸು ತುಂಬಿ ಬಂದಿತ್ತು. ತನ್ನ ಪ್ರಶ್ನೆಯೂ ಅಷ್ಟೇನೂ ತಪ್ಪಲ್ಲವೆಂದು ಅನ್ನಿಸಿತ್ತು.

“ಅಂತೂ ಮಗುವಿನ ಹೆದರಿಕೆ ಹೋಯಿತಲ್ಲ, ಗುರುಗಳೇ,” ಎಂದ. “ನಿರ್ದೇಶಕ ಕೊನೆ ಬದಲಿಸಿದ್ದರಿಂದ ದೊಡ್ಡ ಅನಾಹುತವೇನೂ ಆಗಲಿಲ್ಲ.”

“ಆ ಚಿತ್ರ ಇನ್ನೂ ಊರೂರಿನಲ್ಲಿ ಓಡುತ್ತಿದೆ,” ಎಂದರು ಗುರುಗಳು, “ಅಲ್ಲಿನ ಬಾಗಿಲುಗಳ ಹೊರಗೆ ಕೂತು ಕತೆ ಮುಗಿಸಿಕೊಡಲು ಯಾರನ್ನು ಕಳಿಸುತ್ತೀಯೆ?”