ಮರಿಯಾನೆಯ ಹಿಂದೆ ನಡೆದ ನದಿ

ಲೋಕ ಇನ್ನೂ ಹೊಸದಾಗಿತ್ತು. ಗಾಳಿಗೆ ತನ್ನ ವೇಳೆ ತಿಳಿದಿತ್ತು. ಮರಳಿಗೆ ತನ್ನ ಸ್ಥಳ ತಿಳಿದಿತ್ತು. ಆಫ್ರಿಕದ ಒಕವಾಂಗೊ ನದಿಗೆ ಮಾತ್ರ ನಡೆಯುವ ಕ್ರಮ ತಿಳಿದಿರಲಿಲ್ಲ.

ಮಳೆಗಾಲದಲ್ಲಿ ಅದು ಬೆಟ್ಟದಿಂದ ಓಡಿ ಬರುತ್ತಿತ್ತು. ಓಡುತ್ತಲೇ ಮರಳುಗಾಡಿಗೆ ನುಗ್ಗುತ್ತಿತ್ತು. ಮರಳು ಅದನ್ನು ಒಂದೇ ಗುಟುಕಿಗೆ ಕುಡಿದುಬಿಡುತ್ತಿತ್ತು.

ಒಂದು ವರ್ಷ ಮಳೆ ಕಡಿಮೆಯಾಯಿತು. ಉಳಿದದ್ದು ಒಂದು ತೆಳುವಾದ ಧಾರೆ. "ಈ ಸಲವೂ ಮರಳು ಕುಡಿದರೆ ನಾನು ಇಲ್ಲವಾಗುತ್ತೇನೆ," ಎಂದು ನದಿ ಅತ್ತಿತು.

"ಅಳಬೇಡ," ಎಂದಿತು ದಡದ ಕೊಕ್ಕರೆ. "ಇರುವ ನೀರೂ ಖರ್ಚಾದೀತು!"

ಆಗ ಆನೆಗಳ ಹಿಂಡು ಬಂತು. ಎಂತಹ ನಡಿಗೆ! ತಳ್ಳಾಟವಿಲ್ಲ, ಗದ್ದಲವಿಲ್ಲ. ಮುಂದೆ ಅಜ್ಜಿ ಮಾಪುಲಾ. ಅಜ್ಜಿಯ ಹೆಜ್ಜೆಯ ಮೇಲೆ ಮಗಳ ಹೆಜ್ಜೆ. ಮಗಳ ಹೆಜ್ಜೆಯ ಮೇಲೆ ಮೊಮ್ಮಗಳ ಹೆಜ್ಜೆ. ಕಟ್ಟಕಡೆಗೆ, ತಾಯಿಯ ಪಕ್ಕದಲ್ಲಿ, ಪುಟ್ಟ ಮರಿ ಪೆಲೊ. ಅವು ಮತ್ತೆ ಮತ್ತೆ ತುಳಿದ ದಾರಿ ಕಲ್ಲಿನಂತೆ ಗಟ್ಟಿಯಾಗಿ, ಕಾಲುವೆಯಂತೆ ತಗ್ಗಾಗಿತ್ತು.

"ಅಜ್ಜಿ, ನನ್ನನ್ನೂ ಕರೆದೊಯ್ಯಿರಿ," ಎಂದಿತು ನದಿ.

"ಬಾ. ಪೆಲೊನ ಹಿಂದೆ ನಿಲ್ಲು. ದಾರಿ ಬಿಡಬಾರದು. ಮರಿಯನ್ನು ದಾಟಬಾರದು."

"ಮರಿಯ ವೇಗದಲ್ಲೇ ನಡೆಯಬೇಕೆ?"

"ನಾನೇ ಹಾಗೆ ನಡೆಯುತ್ತೇನೆ. ನೀನೇನು ನನಗಿಂತ ದೊಡ್ಡವಳೆ?"

ನದಿ ಒಂದು ದಿನ ನಡೆಯಿತು. ಎರಡು ದಿನ ನಡೆಯಿತು. ಮೂರನೆಯ ದಿನ ಪೆಲೊ, ಬಿದ್ದ ತಾಳೆಹಣ್ಣನ್ನು ಮೂಸುತ್ತ ನಿಂತ. ಸಾಲೆಲ್ಲ ನಿಂತಿತು. ನದಿಗೆ ತಾಳ್ಮೆ ತಪ್ಪಿತು. ಮರಿಯನ್ನು ಬಳಸಿ ಪಕ್ಕಕ್ಕೆ ನುಗ್ಗಿತು.

ಸೊರ್! ಮರಳು ಅರ್ಧ ನೀರನ್ನು ಹೀರಿತು.

ಮಾಪುಲಾ ತಿರುಗಿ ನೋಡಿದಳು. ಗದರಲಿಲ್ಲ. "ನಿನ್ನ ಸ್ಥಳಕ್ಕೆ ಹೋಗು," ಎಂದಳು. ಅಷ್ಟೇ.

ಉಳಿದ ನೀರು ನಡುಗುತ್ತ ದಾರಿಯ ಅಂಚಿಗೆ ಬಂತು. ಪೆಲೊ ಕಾಲೆತ್ತಿ ತನ್ನ ಹೆಜ್ಜೆಗುರುತನ್ನು ತೋರಿಸಿದ. "ಇದರೊಳಗೆ ಬಾ. ಚಿಕ್ಕದು. ಆದರೆ ಸೋರುವುದಿಲ್ಲ."

ನದಿ ಆ ಗುರುತಿನಲ್ಲಿ ತುಂಬಿ ನಿಂತಿತು. ಪೆಲೊ ಮುಂದೆ ಹೋದ. ನದಿ ಮುಂದಿನ ಗುರುತಿಗೆ ಹರಿಯಿತು. ಮತ್ತೆ ಮುಂದಿನದಕ್ಕೆ. ಪೆಲೊ ನಿಂತಾಗ ನಿಂತಿತು. ಪೆಲೊ ನಡೆದಾಗ ನಡೆಯಿತು. ಹಿಂದಿನಿಂದ ಬೆಟ್ಟದ ನೀರೆಲ್ಲ ಅದೇ ದಾರಿ ಹಿಡಿದು ಬಂದು ಸೇರಿಕೊಂಡಿತು.

ದಾರಿಯ ಕೊನೆಯಲ್ಲಿ ಜಿಂಕೆಗಳೂ ಜೀಬ್ರಾಗಳೂ ಬಾಯಾರಿ ನಿಂತಿದ್ದವು. ಅಲ್ಲಿ ಮಳೆ ನಿಂತು ತಿಂಗಳುಗಳೇ ಕಳೆದಿದ್ದವು, ಕೊಳಗಳು ಬಿರುಕುಬಿಟ್ಟಿದ್ದವು. ಕೊಕ್ಕರೆ ಮೊದಲೇ ಹಾರಿಬಂದು ಕಾದಿತ್ತು.

"ಈಗ ಬರುವುದೆ? ಇಷ್ಟು ತಡವಾಗಿ?"

"ಜೊತೆಯಲ್ಲಿ ಮರಿಯಿತ್ತು," ಎಂದಿತು ನದಿ.

ಕೊಕ್ಕರೆ ತಲೆ ಬಗ್ಗಿಸಿ ನೀರು ಕುಡಿಯಿತು.

ಆದ್ದರಿಂದಲೇ ಇಂದಿಗೂ, ಆಕಾಶದಲ್ಲಿ ಒಂದು ಮೋಡವೂ ಇಲ್ಲದ ಒಣ ತಿಂಗಳುಗಳಲ್ಲಿ, ಒಕವಾಂಗೊದ ನೆರೆನೀರು, ಆನೆಗಳು ತುಳಿದ ದಾರಿ ಹಿಡಿದು, ಮರಿಯಾನೆಯ ವೇಗದಲ್ಲಿ, ಮೆಲ್ಲನೆ ಬಂದು ತಲುಪುತ್ತದೆ.